ಬಡ ಬಂಡವಾಳದಲ್ಲಿ ಭಯದ ಸಿರಿ: ಮಾರಿಯೋ ಬಾವಾ

1980ರ ಏಪ್ರಿಲ್ 27ರಂದು ರೋಮ್ ನಗರದಲ್ಲಿ ಮಾರಿಯೋ ಬಾವಾ ಹೃದಯಾಘಾತದಿಂದ ನಿಧನರಾದರು. ಆಗ ಅವರಿಗೆ 65 ವರ್ಷ. ಅದಾದ ಹನ್ನೆರಡನೆಯ ದಿನ ಅಮೆರಿಕದಲ್ಲಿ 'ಫ್ರೈಡೇ ದ ಥರ್ಟೀಂತ್' ತೆರೆಕಂಡಿತು. ಅಲ್ಪ ವೆಚ್ಚದ ಆ ಚಿತ್ರ ಅಪಾರ ಹಣ ಗಳಿಸಿತು. ಆಯುಧ ಹಿಡಿದ ಕೊಲೆಗಾರ ಒಬ್ಬೊಬ್ಬರನ್ನೇ ಮುಗಿಸುತ್ತಾ ಹೋಗುವ 'ಸ್ಲ್ಯಾಷರ್' ಚಿತ್ರಗಳ ಸುಗ್ಗಿಯೇ ಆರಂಭವಾಯಿತು. ಆ ಬೆಳೆಗೆ ಬೀಜ ಬಿತ್ತಿದ್ದವರಲ್ಲಿ ಪ್ರಮುಖರಾದ ಬಾವಾ ಫಸಲನ್ನು ಕಾಣಲಿಲ್ಲ.

ಬಾವಾ ಹುಟ್ಟಿದ್ದು 1914ರ ಜುಲೈ 31ರಂದು, ಇಟಲಿಯ ಸಾನ್ ರೆಮೋದಲ್ಲಿ. ತಂದೆ ಯುಜೀನಿಯೋ ಶಿಲ್ಪಿ. ಮೂಕಿಚಿತ್ರಗಳ ಕಾಲದಲ್ಲಿ ಛಾಯಾಗ್ರಾಹಕರೂ ತಂತ್ರದೃಶ್ಯಗಳ ನಿಪುಣರೂ ಆಗಿದ್ದರು. ಮಗನಿಗೆ ಚಿತ್ರಕಾರನಾಗುವ ಆಸೆಯಿತ್ತು. ಆದರೆ ಒಲಿದದ್ದು ತಂದೆಯ ವೃತ್ತಿಯೇ. 1957ರಲ್ಲಿ ತೆರೆಕಂಡ 'ಇ ವಾಂಪಿರಿ' ಚಿತ್ರವನ್ನು ನಿರ್ದೇಶಕ ರಿಕಾರ್ಡೋ ಫ್ರೇಡಾ ನಡುವೆಯೇ ಬಿಟ್ಟು ಹೊರಟಾಗ, ಛಾಯಾಗ್ರಾಹಕರಾಗಿದ್ದ ಬಾವಾ ಅದನ್ನು ಪೂರ್ಣಗೊಳಿಸಿದರು. ಅದರಲ್ಲಿ ಸುಂದರಿಯೊಬ್ಬಳು ನೋಡನೋಡುತ್ತಲೇ ಮುದುಕಿಯಾಗುವ ದೃಶ್ಯವಿದೆ. ಬಣ್ಣದ ಪ್ರಸಾಧನದ ಸುಕ್ಕುಗಳು ಅದೇ ಬಣ್ಣದ ಬೆಳಕಿನಲ್ಲಿ ಅಡಗಿರುತ್ತವೆ. ಬೆಳಕಿನ ಬಣ್ಣ ಬದಲಾದೊಡನೆ ಕಪ್ಪು-ಬಿಳುಪು ತೆರೆಯ ಮೇಲೆ ಎದ್ದು ಕಾಣುತ್ತವೆ. ಖರ್ಚು ಅಲ್ಪ, ಪರಿಣಾಮ ಅಗಾಧ.

1960ರಲ್ಲಿ ಬಂದ 'ಬ್ಲ್ಯಾಕ್ ಸಂಡೇ' ಅವರಿಗೆ ಹೆಸರು ತಂದಿತು. ಬ್ರಿಟನ್ನಿನಲ್ಲಿ ಆ ಚಿತ್ರಕ್ಕೆ 1968ರವರೆಗೂ ಪ್ರದರ್ಶನ ಭಾಗ್ಯವಿರಲಿಲ್ಲ. 1964ರ 'ಬ್ಲಡ್ ಅಂಡ್ ಬ್ಲ್ಯಾಕ್ ಲೇಸ್' ಚಿತ್ರದಲ್ಲಿ ಮುಖವಿಲ್ಲದ ಮುಸುಕುಧಾರಿ, ಫ್ಯಾಷನ್ ಮಳಿಗೆಯ ರೂಪದರ್ಶಿಯರನ್ನು ಸರದಿಯಂತೆ ಕೊಲ್ಲುತ್ತಾನೆ.

ಆದರೆ ಸ್ಲ್ಯಾಷರ್‌ಪ್ರಿಯರು ಇಂದಿಗೂ ಮತ್ತೆ ಮತ್ತೆ ನೋಡುವುದು 1971ರ 'ಎ ಬೇ ಆಫ್ ಬ್ಲಡ್' ಚಿತ್ರವನ್ನು. ಕೊಲ್ಲಿಯ ದಡದ ಆಸ್ತಿಗಾಗಿ ನಡೆಯುವ ಹದಿಮೂರು ಕೊಲೆಗಳೇ ಇದರ ಕಥೆ. ಗಾಲಿಕುರ್ಚಿಯ ಮುದುಕಿಯನ್ನು ಕೊಂದ ಗಂಡನೇ ಮರುಕ್ಷಣ ಹೆಣವಾಗುತ್ತಾನೆ. ಅಲ್ಲಿಂದ ಮುಂದೆ ಕೊಂದವನೂ ಉಳಿಯುವುದಿಲ್ಲ. ಹಣದ ಕೊರತೆಯಿಂದ ಬಾವಾ ತಾವೇ ಕ್ಯಾಮೆರಾ ಹಿಡಿದರು. ಚಲಿಸುವ ದೃಶ್ಯಗಳಿಗೆ ಮಕ್ಕಳ ಆಟದ ಗಾಡಿಯೇ ಆಸರೆ. ಕಥೆಗೆ ಕಾಡು ಬೇಕಿತ್ತು, ಅಲ್ಲಿದ್ದದ್ದು ಕೆಲವೇ ಮರಗಳು. ಮಸೂರದ ಮುಂದೆ ಕೊಂಬೆಗಳನ್ನು ಆಡಿಸಿ ಅವರು ಕಾಡನ್ನೇ ಸೃಷ್ಟಿಸಿದರು.

ಇಷ್ಟೊಂದು ನೆತ್ತರನ್ನು ನೋಡಿ ಆನಂದಿಸುವುದೆಂತು ಎಂದು ಸಜ್ಜನರು ಕೇಳುವುದುಂಟು. ಇಲ್ಲಿ ಸವಿಯುವುದು ಸಾವನ್ನಲ್ಲ, ತಂತ್ರವನ್ನು. ನೆತ್ತರು ಬಣ್ಣವೆಂದು ತಿಳಿದೂ ಬೆಚ್ಚುವುದು, ಬೆಚ್ಚಿದ್ದಕ್ಕೆ ನಾವೇ ನಗುವುದು, ಮುಂದಿನ ಸರದಿ ಯಾರದೆಂದು ಊಹಿಸಿ ಸೋಲುವುದು ಒಂದು ಆಟ. ಬಾವಾ ಅದರಡಿಯಲ್ಲಿ ನೀತಿಯೊಂದನ್ನೂ ಇರಿಸಿದ್ದರು. ಎಲ್ಲರನ್ನೂ ಕೊಂದು ಗೆದ್ದ ದಂಪತಿ ಕಡೆಗೆ ಸಾಯುವುದು ತಮ್ಮದೇ ಪುಟ್ಟ ಮಕ್ಕಳ ಕೈಯಿಂದ, ಆಟದ ನಡುವೆ! ದುರಾಸೆಗೆ ಇದಕ್ಕಿಂತ ಕಟುವಾದ ವ್ಯಂಗ್ಯ ಬೇಕೆ?

ಕೊನೆಯ ವರ್ಷಗಳು ಅವರಿಗೆ ಸುಖಕರವಾಗಿರಲಿಲ್ಲ. 'ಲೀಸಾ ಅಂಡ್ ದ ಡೆವಿಲ್' ಚಿತ್ರವನ್ನು ನಿರ್ಮಾಪಕರು ಕತ್ತರಿಸಿ, ಭೂತೋಚ್ಚಾಟನೆಯ ದೃಶ್ಯಗಳನ್ನು ಸೇರಿಸಿ, 1975ರಲ್ಲಿ ಬೇರೆಯೇ ಹೆಸರಿನಲ್ಲಿ ಬಿಡುಗಡೆ ಮಾಡಿದರು. 1974ರಲ್ಲಿ ಚಿತ್ರೀಕರಿಸಿದ 'ರ‍್ಯಾಬಿಡ್ ಡಾಗ್ಸ್' ನಿರ್ಮಾಣ ಸಂಸ್ಥೆ ದಿವಾಳಿಯಾದ್ದರಿಂದ ಮೂಲೆ ಸೇರಿತು. ಪ್ರೇಕ್ಷಕರಿಗೆ ಅದು ದೊರೆತದ್ದು ಅವರು ತೀರಿಕೊಂಡು ವರುಷಗಳು ಕಳೆದ ಮೇಲೆ, 1990ರ ದಶಕದಲ್ಲಿ. ಬದುಕಿನ ಸಂಜೆಯಲ್ಲಿ ಅವರು ದಾರಿಯೋ ಅರ್ಜೆಂಟೋ ಅವರ 'ಇನ್ಫರ್ನೋ' ಚಿತ್ರದ ತಂತ್ರದೃಶ್ಯಗಳಿಗೆ ನೆರವಾದರು.

1981ರಲ್ಲಿ 'ಫ್ರೈಡೇ ದ ಥರ್ಟೀಂತ್' ಸರಣಿಯ ಎರಡನೆಯ ಭಾಗ ಬಂದಾಗ, ಅದರ ಎರಡು ಕೊಲೆಗಳು 'ಎ ಬೇ ಆಫ್ ಬ್ಲಡ್' ಚಿತ್ರದ ಪಡಿಯಚ್ಚಿನಂತಿದ್ದವು. ಇಂದು ಭಯದ ಚಿತ್ರಗಳ ಚರಿತ್ರೆ ಬರೆಯುವವರು ಬಾವಾ ಅವರನ್ನು ಬಿಟ್ಟು ಮುಂದೆ ಸಾಗಲಾರರು. ಆಟದ ಗಾಡಿಯನ್ನೂ ನಾಲ್ಕು ಕೊಂಬೆಗಳನ್ನೂ ನಂಬಿ ಚಿತ್ರ ಕಟ್ಟಿದ ಕುಶಲಕರ್ಮಿಗೆ ಮನ್ನಣೆ ದೊರೆಯಿತು, ತಡವಾಗಿಯಾದರೂ.