ಬಿಲ್‌ಹಾರ್ಟ್ಸ್ ಕಾಣದ ಬಸವನಹುಳು

ಕನ್ನಡ ಪಾಠ ಹೇಳುವ ನನಗೆ ಕೃಮಿಶಾಸ್ತ್ರದಲ್ಲಿ ಯಾವ ಅಧಿಕಾರವೂ ಇಲ್ಲ. ಹೆಸರುಗಳ ಹುಟ್ಟನ್ನು ಅರಸುವ ಚಪಲ ಮಾತ್ರ ಉಂಟು. ಬಿಲ್‌ಹಾರ್ಸಿಯ ಎಂಬ ರೋಗನಾಮದ ಬೆನ್ನು ಹತ್ತಿದಾಗ ನನಗೆ ದೊರೆತುದು ಥಿಯೋಡರ್ ಬಿಲ್‌ಹಾರ್ಟ್ಸನ ಚರಿತ್ರೆ.

1825ರಲ್ಲಿ ಜರ್ಮನಿಯ ಸಿಗ್ಮರಿಂಗೆನ್ ಎಂಬ ಪುಟ್ಟ ಪಟ್ಟಣದಲ್ಲಿ ಹುಟ್ಟಿದ ಈತ ವೈದ್ಯವಿದ್ಯೆಯನ್ನು ಮುಗಿಸಿ, 1850ರಲ್ಲಿ ಗುರು ಗ್ರೀಸಿಂಗರನೊಡನೆ ಕೈರೋ ನಗರಕ್ಕೆ ಹೋದ. ಎರಡು ವರ್ಷಗಳಲ್ಲಿ ಗುರು ತಾಯ್ನಾಡಿಗೆ ಮರಳಿದ; ಶಿಷ್ಯ ಅಲ್ಲಿಯೇ ನಿಂತ. ಮೂತ್ರದಲ್ಲಿ ರಕ್ತ ಬೀಳುವುದು ನೈಲ್ ತೀರದ ರೈತನಿಗೆ ಹೊಸ ಸಂಗತಿಯಲ್ಲ. ಮೂರು ಸಾವಿರ ವರ್ಷ ಹಳೆಯ ಮಮ್ಮಿಗಳಲ್ಲಿಯೂ ಆ ರೋಗದ ಮೊಟ್ಟೆಗಳು 1910ರಲ್ಲಿ ಕಂಡುಬಂದುವು. ಕಾರಣವನ್ನು ಮಾತ್ರ ಯಾರೂ ಅರಿತಿರಲಿಲ್ಲ.

1851ರಲ್ಲಿ ಕಸ್ರ್ ಅಲ್ ಐನಿ ಆಸ್ಪತ್ರೆಯಲ್ಲಿ ಶವವೊಂದನ್ನು ಛೇದಿಸುತ್ತಿದ್ದ ಈ ಇಪ್ಪತ್ತಾರರ ತರುಣ, ಯಕೃತ್ತಿಗೆ ರಕ್ತವನ್ನೊಯ್ಯುವ ಸಿರೆಯೊಳಗೆ ಬಿಳಿಯ ಸಣ್ಣ ಹುಳುಗಳನ್ನು ಕಂಡ. ಗಂಡಿನ ಮೈ ಉದ್ದಕ್ಕೂ ಮಡಚಿ ದೋಣಿಯಂತಾಗಿದೆ. ಅದರೊಳಗೆ ದಾರದಂಥ ಹೆಣ್ಣು ಮಲಗಿದೆ. ಎಂಥ ವಿಚಿತ್ರ ದಾಂಪತ್ಯ! ಮೊಟ್ಟೆಗಳಲ್ಲಿ ಕೆಲವಕ್ಕೆ ತುದಿಯಲ್ಲಿ ಮುಳ್ಳು, ಕೆಲವಕ್ಕೆ ಪಕ್ಕದಲ್ಲಿ. ಎರಡೂ ಆತನ ಕಣ್ಣಿಗೆ ಬಿದ್ದವು. ಹುಳುಗಳೇ ಎರಡು ಬಗೆ ಎಂಬುದು ಹೊಳೆಯಲಿಲ್ಲ. ಅವು ದೇಹಕ್ಕೆ ಬರುವ ದಾರಿಯೂ ತಿಳಿಯಲಿಲ್ಲ. ಮುಂದೆ ಅಲ್ಲಿಯೇ ಅಂಗರಚನಾಶಾಸ್ತ್ರದ ಪ್ರಾಧ್ಯಾಪಕನಾಗಿ, ನೈಲ್ ನದಿಯ ವಿದ್ಯುತ್ ಮೀನನ್ನು ಕುರಿತೂ ಗ್ರಂಥ ಬರೆದ. 1862ರಲ್ಲಿ ಜರ್ಮನಿಯ ಡ್ಯೂಕನೊಬ್ಬನ ಪರಿವಾರದೊಡನೆ ಕೆಂಪು ಸಮುದ್ರದ ಮಸ್ಸಾವಾ ಕಡೆಗೆ ಹೋಗಿ, ಜ್ವರ ಹತ್ತಿಸಿಕೊಂಡು ಬಂದು, ಕೈರೋದಲ್ಲಿ ಮೂವತ್ತೇಳನೆಯ ವಯಸ್ಸಿಗೇ ತೀರಿಕೊಂಡ.

ಆತನಿಗೆ ಸಿಗದ ಕೊಂಡಿ ಬಸವನಹುಳುವಿನಲ್ಲಿತ್ತು. ಜಪಾನಿನಲ್ಲಿದ್ದ ಇಂಥದೇ ರೋಗದ ವಿಷಯದಲ್ಲಿ ಮಿಯಾಯಿರಿ ಎಂಬ ವಿದ್ವಾಂಸ 1913ರಲ್ಲಿ ಇದನ್ನು ತೋರಿಸಿದ. 1915ರಲ್ಲಿ ಲೈಪರ್ ಈಜಿಪ್ಟಿನಲ್ಲಿ ಸಿದ್ಧಪಡಿಸಿದ. ನೀರಿಗೆ ಬಿದ್ದ ಮೊಟ್ಟೆಯಿಂದ ಹೊರಟ ಮರಿ ಬಸವನಹುಳುವಿನ ಮೈಹೊಕ್ಕು, ಅಲ್ಲಿ ಒಂದು ಸಾವಿರಾರಾಗಿ ಮತ್ತೆ ನೀರಿಗಿಳಿದು, ಕಾಲುವೆಯಲ್ಲಿ ನಿಂತವನ ಚರ್ಮವನ್ನು ಕೊರೆದು ಒಳಸೇರುತ್ತದೆ. ಹಾಗೆಂದು ಎಲ್ಲ ಬಸವನಹುಳುವೂ ಆಗದು. ಲೋಕದಲ್ಲಿ ಸಿಹಿನೀರಿನ ಬಸವನಹುಳುಗಳ ಜಾತಿಗಳು ಸುಮಾರು 4,000. ಈ ರೋಗಕ್ಕೆ ಮನೆಯಾಗುವವು ಕೆಲವೇ. ಈಜಿಪ್ಟಿನಲ್ಲಿ ಮೂತ್ರಕೋಶದ ಹುಳುವಿಗೆ ಎಡಕ್ಕೆ ಸುತ್ತಿದ ಗೋಪುರದಂಥ ಚಿಪ್ಪಿನ ಬುಲೈನಸ್ಸೇ ಬೇಕು. ಕರುಳಿನ ಹುಳುವಿಗೆ ಚಕ್ಕುಲಿಯಂತೆ ಚಪ್ಪಟೆಯಾಗಿ ಸುತ್ತಿದ ಬಯೊಂಫಲೇರಿಯವೇ ಬೇಕು. ಬಿಲ್‌ಹಾರ್ಟ್ಸ್ ಕಂಡ ಎರಡು ಮುಳ್ಳುಗಳ ಅರ್ಥ ಹೀಗೆ ಬಿಡಿಸಿತು.

ಈ ಭೇದ ಪಂಡಿತರ ವಿನೋದವಲ್ಲವೆಂದು ನನಗೆ ಮನವರಿಕೆಯಾದುದು ನಂತರದ ಕಥೆಯಿಂದ. ಕಾಲುವೆಗಳಿಗೆ ಮೈಲುತುತ್ತ ಸುರಿದ ಕಾಲವೊಂದಿತ್ತು. ಅದು ನಿರಪರಾಧಿ ಜೀವಿಗಳನ್ನೂ ಮೀನನ್ನೂ ಬಿಡಲಿಲ್ಲ. 1970ರಲ್ಲಿ ಅಸ್ವಾನಿನ ದೊಡ್ಡ ಅಣೆಕಟ್ಟು ಮುಗಿದ ಬಳಿಕ ನದಿಯ ಮುಖಜಭೂಮಿಯಲ್ಲಿ ಬುಲೈನಸ್ ಹಿಂಜರಿದು ಬಯೊಂಫಲೇರಿಯ ಹಬ್ಬಿತು. ರೋಗವೂ ಅದರ ಹಿಂದೆಯೇ ಮೂತ್ರಕೋಶದಿಂದ ಕರುಳಿಗೆ ಸರಿಯಿತು. ಮುಂದೆ ಔಷಧಿ ಮನೆಮನೆಗೆ ತಲಪಿ ಈಜಿಪ್ಟಿನಲ್ಲಿ ಅದರ ಹಾವಳಿ ಬಹುಮಟ್ಟಿಗೆ ತಗ್ಗಿದೆ.

ಕೈರೋದ ಎದುರುದಡದ ಗೀಜಾದಲ್ಲಿ ಬಿಲ್‌ಹಾರ್ಟ್ಸನ ಹೆಸರಿನ ಸಂಶೋಧನಾಲಯವಿದೆ. ಆತ ಎಂದೂ ಶಂಕಿಸದ ಆ ಬಸವನಹುಳುಗಳನ್ನು ಅಲ್ಲಿ ಸಂಶೋಧನೆಗಾಗಿ ನೀರಿನ ತೊಟ್ಟಿಗಳಲ್ಲಿ ಸಾಕುತ್ತಾರೆ.