ಗೋಪಾಲಗೌಡರು ಕಳೆದ ಹೊತ್ತು

ಶಾಂತವೇರಿ ಗೋಪಾಲಗೌಡರು ಬದುಕಿದ್ದುದು ಕೇವಲ 49 ವರ್ಷ. 1923ರ ಮಾರ್ಚಿ 14ರಂದು ತೀರ್ಥಹಳ್ಳಿ ತಾಲ್ಲೂಕಿನ ಆರಗದಲ್ಲಿ ಹುಟ್ಟಿದವರು 1972ರ ಜೂನ್ 9ರಂದು ಬೆಂಗಳೂರಿನಲ್ಲಿ ಕಣ್ಣು ಮುಚ್ಚಿದರು. ಮಂತ್ರಿಪದವಿ ಅವರದಾಗಲಿಲ್ಲ, ಆಸ್ತಿಪಾಸ್ತಿ ಕೂಡಿಬರಲಿಲ್ಲ. ಹಾಗಿದ್ದೂ ಅವರು ಹೋಗಿ ಅರ್ಧ ಶತಮಾನ ಕಳೆದಮೇಲೆ ಸಾಗರ, ಹೊಸನಗರ, ತೀರ್ಥಹಳ್ಳಿಗಳಲ್ಲಿ ಅವರ ಹೆಸರೆತ್ತಿದರೆ ಹಿರಿಯರ ದನಿ ಬದಲಾಗುತ್ತದೆ. ತನಗೆ ದೊರೆತ ಹೊತ್ತನ್ನು ಈ ಮನುಷ್ಯ ಯಾವುದಕ್ಕೆ ವೆಚ್ಚ ಮಾಡಿದನೆಂಬುದು ವಿಚಾರಮಾಡತಕ್ಕ ಸಂಗತಿಯೆಂದು ನನಗೆ ಬಹುಕಾಲದಿಂದ ಅನ್ನಿಸಿದೆ.

ಈ ಮೂರು ತಾಲ್ಲೂಕುಗಳನ್ನು ಹೊಲಿದ ದಾರ ಶರಾವತಿ. ತೀರ್ಥಹಳ್ಳಿ ಸೀಮೆಯ ಅಂಬುತೀರ್ಥದಲ್ಲಿ ಹುಟ್ಟಿ, ಹೊಸನಗರವನ್ನು ಹಾದು, ಸಾಗರದ ಕಾಡುಗಳಲ್ಲಿ ಬಳಸಿ ಜೋಗದಲ್ಲಿ ಧುಮುಕುತ್ತದೆ. ಈ ನಾಡಿನಲ್ಲಿ ಹೊತ್ತನ್ನು ಅಳೆದದ್ದು ಗಡಿಯಾರವಲ್ಲ, ಮಳೆ. ಮಳೆ ಹಿಡಿದೊಡನೆ ಉಳುಮೆ, ಸಸಿಮಡಿ. ಕಂಬಳಿಕೊಪ್ಪೆ ಹೊದ್ದು, ಗೊರಬು ಸೂಡಿ, ಮೊಣಕಾಲುದ್ದ ಕೆಸರಿನಲ್ಲಿ ಬೆನ್ನು ಬಗ್ಗಿಸಿ ನಟ್ಟಿ. ಬಳಿಕ ಕಳೆ, ಕೊಯ್ಲು, ಒಕ್ಕಣೆ. ವರ್ಷದ ಬೆವರೆಲ್ಲ ಕಣದಲ್ಲಿ ಬತ್ತದ ರಾಶಿಯಾಗಿ ಬಂದು ಬೀಳುತ್ತಿತ್ತು. ಅಲ್ಲಿಗೆ ಒಡೆಯರ ಕೊಳಗ ಬರುತ್ತಿತ್ತು.

ಕೊಳಗವೆಂದರೆ ಇಂದಿನ ವಿದ್ಯಾರ್ಥಿಗಳಿಗೆ ನಿಘಂಟಿನಲ್ಲಿ ಸಿಕ್ಕುವ ಶಬ್ದ. ಅಂದು ಅದು ಒಂದು ಮನೆಯವರ ಹೊಟ್ಟೆಯ ಪ್ರಶ್ನೆ. ಗೇಣಿ ಇಷ್ಟು ಖಂಡುಗವೆಂದು ಮಾತಾಗಿರುತ್ತಿತ್ತು. ಆದರೆ ಅಳೆಯುವ ಕೊಳಗ ವಾಡಿಕೆಯದಕ್ಕಿಂತ ದೊಡ್ಡದಾದರೆ? ಹತ್ತರಲ್ಲೊಂದು ಪಾಲು ದೊಡ್ಡದೆಂದು ಲೆಕ್ಕಕ್ಕೆ ಇಟ್ಟುಕೊಳ್ಳೋಣ. ಆಗ ಗೇಣಿಗೆಂದು ದುಡಿದ ಪ್ರತಿ ಹತ್ತು ದಿನದ ಬೆನ್ನಿಗೆ ಹನ್ನೊಂದನೆಯದೊಂದು ದಿನ ಸದ್ದಿಲ್ಲದೆ ಸೇರಿಹೋಗುತ್ತದೆ. ಇದಲ್ಲದೆ ಒಡೆಯರ ಮನೆಯ ಬಿಟ್ಟಿ ಚಾಕರಿ ಬೇರೆ. ಕೊಟ್ಟ ಗೇಣಿಗೆ ರಸೀತಿಯಿಲ್ಲ. ಆದ್ದರಿಂದ ದುಡಿದದ್ದಕ್ಕೆ ಸಾಕ್ಷಿಯೂ ಇಲ್ಲ. ಒಬ್ಬನ ಬತ್ತವನ್ನು ಕದಿಯುವುದೆಂದರೆ ಅವನ ಆಯುಷ್ಯದ ಒಂದು ತುಣುಕನ್ನು ಕದಿಯುವುದೇ ಎಂಬುದನ್ನು ಅರ್ಥಶಾಸ್ತ್ರದ ಪುಸ್ತಕಕ್ಕಿಂತ ಸ್ಪಷ್ಟವಾಗಿ ಆ ಕಣ ಹೇಳುತ್ತಿತ್ತು.

ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ಕಲಹ ಹುಟ್ಟಿದ್ದು ಇಂಥ ಕೊಳಗದಿಂದಲೇ. ಶಾಲಾ ಉಪಾಧ್ಯಾಯರಾಗಿದ್ದ ಎಚ್. ಗಣಪತಿಯಪ್ಪನವರು 1948ರಲ್ಲಿ ರೈತಸಂಘ ಕಟ್ಟಿ ಬಹುಮಟ್ಟಿಗೆ ದೀವರ ಜನರಾಗಿದ್ದ ಗೇಣಿ ಒಕ್ಕಲುಗಳನ್ನು ಒಗ್ಗೂಡಿಸಿದ್ದರು. ದೊಡ್ಡ ಕೊಳಗದಲ್ಲಿ ಅಳೆಯಲೊಲ್ಲೆವೆಂದವರಿಗೆ ಭೂಮಿ ತಪ್ಪಿತು. 1951ರ ಏಪ್ರಿಲ್ 18ರಂದು ಅವರು ನೇಗಿಲು ಹೊತ್ತು ಅದೇ ಗದ್ದೆಗಿಳಿದರು; ಪೋಲೀಸರು ಹಿಡಿದರು; ಮರುದಿನ ಇನ್ನೊಂದು ತಂಡ ಇಳಿಯಿತು. ಆಗ ಗೋಪಾಲಗೌಡರಿಗೆ 28 ವರ್ಷ. ವಿದ್ಯಾರ್ಥಿಯಾಗಿದ್ದಾಗಲೇ, 1942ರ ಚಳವಳಿಯಲ್ಲಿ, ಸೆರೆಮನೆ ಕಂಡು ಬಂದಿದ್ದ ಅವರು ಈಗ ಸಮಾಜವಾದಿ ಪಕ್ಷದ ಮುಂದಾಳಾಗಿ ಈ ಒಕ್ಕಲುಗಳ ಬೆನ್ನಿಗೆ ನಿಂತರು. ಜೂನ್ ತಿಂಗಳಿನಲ್ಲಿ ರಾಮಮನೋಹರ ಲೋಹಿಯಾ ತಾವೇ ಕಾಗೋಡಿಗೆ ಬಂದರು. ಅವರನ್ನು ಸಾಗರದಲ್ಲಿ ಬಂಧಿಸಲಾಯಿತು. ಮಲೆನಾಡಿನ ಮೂಲೆಯ ಹಳ್ಳಿಯೊಂದರ ಹೆಸರು ದೇಶದ ಪತ್ರಿಕೆಗಳಿಗೆ ಏರಿತು.

ಸತ್ಯಾಗ್ರಹ ಗೆದ್ದಿತೆ? ಆ ವರ್ಷವೇ ಭೂಮಿ ಯಾರ ಕೈಗೂ ಬರಲಿಲ್ಲ. ಆದರೆ ಅಂಜಿ ಬಾಗಿಲಾಚೆ ನಿಲ್ಲುತ್ತಿದ್ದವರು ಸರಕಾರದ ಲಾರಿ ಹತ್ತಿ ಜೈಲಿಗೆ ಹೋಗಿ ಬಂದಿದ್ದರು. ಭಯ ಹೋದ ಮೇಲೆ ಅವರ ಹೊತ್ತು ಅವರದಾಗತೊಡಗಿತು. ಮರುವರ್ಷ, 1952ರ ಮೊದಲ ಸಾರ್ವತ್ರಿಕ ಚುನಾವಣೆಯಲ್ಲಿ, ಸಾಗರ–ಹೊಸನಗರ ಕ್ಷೇತ್ರ ಗೋಪಾಲಗೌಡರನ್ನು ಗೆಲ್ಲಿಸಿ ಕಳಿಸಿತು. ಲೋಹಿಯಾ ತಮ್ಮ ಪಕ್ಷಕ್ಕೆ ಹೇಳಿಕೊಟ್ಟ ಸಾಧನಗಳು ಗುದ್ದಲಿ, ಮತ, ಸೆರೆಮನೆ ಎಂಬ ಮೂರು. ಆ ಮೂರನ್ನೂ ಈ ತಾಲ್ಲೂಕುಗಳು ಒಂದು ವರ್ಷದೊಳಗೆ ಕಂಡವು.

1957ರಲ್ಲಿ ಗೌಡರು ಸೋತರು. 1962ರಲ್ಲಿ, ಮತ್ತೆ 1967ರಲ್ಲಿ, ತೀರ್ಥಹಳ್ಳಿಯಿಂದ ಗೆದ್ದರು. ಎಲ್ಲ ಕೂಡಿಸಿದರೆ ಶಾಸನಸಭೆಯಲ್ಲಿ ಸುಮಾರು 14 ವರ್ಷ. ಅಲ್ಲಿ ಅವರು ಬಿಡದೆ ಹಿಡಿದ ವಿಷಯಗಳು ಕೆಲವೇ: ಉಳುವವನಿಗೆ ನೆಲ, ಆಡಳಿತದಲ್ಲಿ ಕನ್ನಡ, ರಾಜ್ಯಕ್ಕೆ ಕರ್ನಾಟಕವೆಂಬ ಹೆಸರು. ಸಭೆಯಲ್ಲಿ ಅವರ ಸಿಟ್ಟು ಮೇರೆ ಮೀರಿದ ದಿನಗಳೂ ಉಂಟು. ಅದನ್ನು ಗುಣವೆಂದು ಹೊಗಳುವವರ ಸಾಲಿಗೆ ನಾನು ಸೇರಲಾರೆ. ಆದರೆ ಕಣದ ಕೊಳಗ ಕಂಡವನಿಗೆ ಸಭಾಮರ್ಯಾದೆಯ ನಿಧಾನ ಸಹನವಾಗುವುದು ಕಷ್ಟವೆಂದು ಬಲ್ಲೆ.

ಅವರು ಕಳೆದ ಹೊತ್ತಿನಲ್ಲಿ ಇನ್ನೊಂದು ದೊಡ್ಡ ಪಾಲಿದೆ. ಯಾವ ನಡವಳಿಯಲ್ಲೂ ಅದು ದಾಖಲಾಗಿಲ್ಲ. ಗೌಡರು ಮಾತಿನ ಮನುಷ್ಯ. ಸಂಗೀತವೆಂದರೆ ಪ್ರಾಣ, ಕಾವ್ಯವೆಂದರೆ ಹಸಿವು. ಅವರ ಕೋಣೆಯಲ್ಲಿ, ಹೋಟೆಲುಗಳ ಮೇಜಿನ ಸುತ್ತ, ಇರುಳು ಸರಿಯುವವರೆಗೂ ಹರಟೆ ನಡೆಯುತ್ತಿತ್ತು. ಅಡಿಗರು, ಅನಂತಮೂರ್ತಿ, ತೇಜಸ್ವಿ, ಲಂಕೇಶ್ ಮೊದಲಾದವರೆಲ್ಲ ಆ ಬಳಗದ ಬಿಸಿ ತಾಕಿದವರೇ, ರಾಜಕೀಯದಲ್ಲಿ ಜೆ.ಎಚ್. ಪಟೇಲ್, ಬಂಗಾರಪ್ಪ ಇದೇ ಸಮಾಜವಾದಿ ಮನೆಯಿಂದ ಬಂದವರು. ಆ ಇರುಳುಗಳಲ್ಲಿ ಗೌಡರು ಕಾಲವನ್ನೂ ಆರೋಗ್ಯವನ್ನೂ ದುಂದು ಮಾಡಿದರೆಂದು ಹೇಳುವವರಿದ್ದಾರೆ. ಆರೋಗ್ಯದ ವಿಷಯಕ್ಕೆ ಒಪ್ಪಬಹುದು. ಕಾಲದ ವಿಷಯದಲ್ಲಿ ನನ್ನ ಮತ ಬೇರೆ. ಕನ್ನಡದ ನವ್ಯಸಾಹಿತ್ಯ ತನ್ನ ಸುತ್ತಣ ಸಮಾಜದ ಮೇಲೆ ಕಣ್ಣಿಟ್ಟದ್ದಕ್ಕೆ ಆ ಹರಟೆಯ ಋಣ ಸಣ್ಣದಲ್ಲ. ಅಡಿಗರು ‘ಶಾಂತವೇರಿಯ ಅಶಾಂತ ಸಂತ’ ಎಂಬ ಪದ್ಯ ಬರೆದದ್ದು ಬರಿಯ ಸ್ನೇಹದ ದಾಕ್ಷಿಣ್ಯಕ್ಕಲ್ಲ. ಆದರೆ ನಲವತ್ತು ದಾಟಿದ ಮೇಲೆ ಮದುವೆಯಾದ ಈ ಗೃಹಸ್ಥನಿಂದ ಮನೆಗೆ ದೊರೆತ ಹೊತ್ತು ಎಷ್ಟು ಕಡಮೆಯೆಂದು ನೆನೆದಾಗ ಮನಸ್ಸು ಮುದುಡುತ್ತದೆ.

ಅನಂತಮೂರ್ತಿಯವರ ‘ಅವಸ್ಥೆ’ಯನ್ನು ತರಗತಿಯಲ್ಲಿ ಪಾಠ ಹೇಳುವಾಗ ಪ್ರತಿವರ್ಷವೂ ಯಾರಾದರೊಬ್ಬರು ಕೃಷ್ಣಪ್ಪಗೌಡ ಗೋಪಾಲಗೌಡರೇ ತಾನೆ ಎಂದು ಕೇಳುತ್ತಾರೆ. 1978ರಲ್ಲಿ ಹೊರಬಂದ ಆ ಕಾದಂಬರಿಯ ನಾಯಕ, ಅರ್ಧ ದೇಹ ಸ್ವಾಧೀನ ತಪ್ಪಿ ಮಲಗಿ, ಕಳೆದುಹೋದ ತನ್ನ ದಿನಗಳನ್ನು ಒಂದೊಂದಾಗಿ ಎತ್ತಿ ನೋಡುವವನು. ಹೋಲಿಕೆ ಇದೆ, ಅದನ್ನು ಲೋಕವೇ ಬಲ್ಲದು. ಆದರೂ ಪಾತ್ರದ ಲೋಪಗಳನ್ನು ತಂದು ಬದುಕಿದ್ದ ವ್ಯಕ್ತಿಯ ಕೊರಳಿಗೆ ಕಟ್ಟಬೇಡಿರೆಂದು ನಾನು ಹೇಳುತ್ತೇನೆ. ಕಾದಂಬರಿಕಾರನಿಗೆ ಬೇಕಾದದ್ದು ಒಂದು ಆತ್ಮಪರೀಕ್ಷೆ. ಗೋಪಾಲಗೌಡರಿಗೆ ಅಂಥ ಪರೀಕ್ಷೆಗೆ ಬಿಡುವೇ ದೊರೆತಂತೆ ಕಾಣದು. ಲಕ್ವ ಹೊಡೆದು ಮಾತಿನ ಮನುಷ್ಯನನ್ನು ಹಾಸಿಗೆಗೆ ಕಟ್ಟಿಹಾಕಿದ ಕಡೆಯ ದಿನಗಳ ಹೊರತು.

ಅವರು ಕೇಳಿದ್ದೆಲ್ಲ ಅವರ ಬೆನ್ನ ಹಿಂದೆಯೇ ಬಂತು. 1973ರ ನವೆಂಬರ್ 1ರಂದು ಮೈಸೂರು ರಾಜ್ಯ ಕರ್ನಾಟಕವಾಯಿತು. 1961ರ ಭೂಸುಧಾರಣಾ ಕಾಯಿದೆಗೆ ದೇವರಾಜ ಅರಸರ ಸರಕಾರ ಮಾಡಿದ ತಿದ್ದುಪಡಿ 1974ರ ಮಾರ್ಚಿ 1ರಿಂದ ಜಾರಿಗೆ ಬಂದು ಗೇಣಿಯ ಪದ್ಧತಿಯನ್ನೇ ಅಳಿಸಿತು. ತಾಲ್ಲೂಕು ಕೇಂದ್ರಗಳಲ್ಲಿ ಭೂನ್ಯಾಯಮಂಡಳಿಗಳು ಕುಳಿತವು. ಸಾಗರದಲ್ಲಿ, ಹೊಸನಗರದಲ್ಲಿ, ತೀರ್ಥಹಳ್ಳಿಯಲ್ಲಿ ಒಕ್ಕಲುಗಳು ಏಳನೆಯ ನಂಬರಿನ ಫಾರಂ ಹಿಡಿದು, ತಾವು ಉತ್ತ ಗದ್ದೆಯ ಸರ್ವೆ ನಂಬರನ್ನು ಬಲ್ಲವರಿಂದ ಬರೆಯಿಸಿ, ಕೆಳಗೆ ಹೆಬ್ಬೆಟ್ಟು ಒತ್ತಿದರು.