ಸಂತ ಮೋನಿಕಮ್ಮ: ಮುನಿದವರ ನಡುವೆ ಕುಳಿತ ತಾಯಿ



ಆಗಸ್ಟ್ 27 ಸಂತ ಮೋನಿಕಮ್ಮನವರ ಹಬ್ಬ. ಮರುದಿನವೇ ಅವರ ಮಗ ಸಂತ ಅಗಸ್ಟೀನರದು. ದಾರಿ ತಪ್ಪಿದ ಮಗನಿಗಾಗಿ ಕಣ್ಣೀರಿಟ್ಟ ತಾಯಿ ಎಂದು ಅವರನ್ನು ನೀವೆಲ್ಲ ಬಲ್ಲಿರಿ. ಗಂಡ, ಅತ್ತೆ, ನೆರೆಹೊರೆಯವರ ನಡುವೆ ಅವರು ಬಾಳಿದ ಬಗೆ ಅಷ್ಟಾಗಿ ಪ್ರಚಾರದಲ್ಲಿಲ್ಲ. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯ ಹಿರಿಯರನ್ನು ನೆನೆದು ಈ ವಾರ ಆ ಭಾಗವನ್ನು ಹೇಳುತ್ತೇವೆ. ಮಕ್ಕಳು ಬೆಂಗಳೂರು ಸೇರಿ, ತೋಟದ ಮನೆಯಲ್ಲಿ ಇಬ್ಬರೇ ಉಳಿದು, ಆ ಇಬ್ಬರೂ ಮಾತು ಬಿಟ್ಟಿರುವ ಮನೆಗಳು ನಮ್ಮಲ್ಲಿವೆ. ಬಡಿಸುವುದು, ಉಣ್ಣುವುದು ನಡೆಯುತ್ತದೆ. ಮಾತು ಮಾತ್ರ ಕೆಲಸದಾಳಿನ ಮೂಲಕ, ಇಲ್ಲವೇ ಮಗಳ ಫೋನಿನ ಮೂಲಕ.

ಮೋನಿಕಮ್ಮ ಹುಟ್ಟಿದ್ದು ಸುಮಾರು ಕ್ರಿ.ಶ. 331ರಲ್ಲಿ, ಉತ್ತರ ಆಫ್ರಿಕಾದ ತಗಾಸ್ತೆ ಪಟ್ಟಣದಲ್ಲಿ. ಇಂದಿನ ಅಲ್ಜೀರಿಯಾದ ಸೂಕ್ ಅಹ್ರಾಸ್ ಅದೇ ಊರು. ಮನೆಯವರು ಕ್ರೈಸ್ತರು. ಮದುವೆಯಾದದ್ದು ಪ್ಯಾಟ್ರೀಷಿಯಸ್ ಎಂಬ ಅನ್ಯಧರ್ಮೀಯನನ್ನು. ಪಟ್ಟಣದ ಸಭೆಯ ಸದಸ್ಯ, ಸಾಧಾರಣ ಆಸ್ತಿವಂತ. ಉದಾರಿ, ಆದರೆ ಸಿಟ್ಟು ಮೂಗಿನ ತುದಿಯಲ್ಲಿ; ಹೆಂಡತಿಗೆ ನಿಷ್ಠನೂ ಅಲ್ಲ. ಅವನು ಸಿಟ್ಟಾದಾಗ ಮೋನಿಕಮ್ಮ ಎದುರಾಡುತ್ತಿರಲಿಲ್ಲ. ಹಾಗೆಂದು ನುಂಗಿಕೊಂಡು ಕೂರುತ್ತಲೂ ಇರಲಿಲ್ಲ. ಅವನು ತಣ್ಣಗಾದ ಮೇಲೆ, ತಾನು ಹಾಗೆ ಮಾಡಿದ್ದು ಏಕೆ ಎಂದು ಬಿಡಿಸಿ ಹೇಳುತ್ತಿದ್ದರು.

ಕೊಬ್ಬರಿ ಮಾಡುವ ನಮ್ಮವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಅಟ್ಟಕ್ಕೆ ಹಾಕಿದ ಕಾಯಿ ಹತ್ತು ಹನ್ನೊಂದು ತಿಂಗಳು ಹಾಗೇ ಇರಬೇಕು. ಒಳಗಿನ ನೀರು ಇಂಗಿ, ಅಲುಗಾಡಿಸಿದರೆ ಕೊಬ್ಬರಿ ಸದ್ದು ಮಾಡಬೇಕು. ಅವಸರಪಟ್ಟು ಒಡೆದರೆ ಉಂಡೆ ಕೊಬ್ಬರಿ ಸಿಗದು. ಆದರೆ ಒಡೆಯದೆ ಅಟ್ಟದಲ್ಲೇ ಬಿಟ್ಟವರೂ ಇಲ್ಲ.

ಇಲ್ಲಿ ಒಂದು ಮಾತು ಸೇರಿಸಬೇಕು. ಆ ಊರಿನ ಬೇರೆ ಹೆಂಗಸರ ಮೈಮೇಲೆ ಗಂಡಂದಿರು ಹೊಡೆದ ಗುರುತುಗಳಿದ್ದವು. ಅವರಿಗೆ ಮೋನಿಕಮ್ಮ ತಾಳ್ಮೆಯ ಬುದ್ಧಿ ಹೇಳಿದರೆಂದು ಅಗಸ್ಟೀನರು ಬರೆದಿದ್ದಾರೆ. ಅದು ಆ ಕಾಲದ ಮಾತು. ಹೊಡೆತ ಸಹಿಸಿಕೊಂಡಿರಿ ಎಂದು ಇಂದು ಯಾವ ಗುರುಗಳೂ ಹೇಳಕೂಡದು. ಕೌಟುಂಬಿಕ ಹಿಂಸೆಯಿಂದ ಮಹಿಳೆಯರಿಗೆ ರಕ್ಷಣೆ ಕೊಡುವ 2005ರ ಕಾಯ್ದೆ ಎಪ್ಪತ್ತರ ಅಜ್ಜಿಗೂ ಅನ್ವಯಿಸುತ್ತದೆ.

ಇನ್ನು ಅತ್ತೆ. ಮನೆಯ ಆಳುಗಳು ಚಾಡಿ ಹೇಳಿ ಆಕೆಯ ಮನಸ್ಸನ್ನು ಸೊಸೆಯ ಮೇಲೆ ಕೆಡಿಸಿದ್ದರು. ಮೋನಿಕಮ್ಮ ಚಾಡಿಗೆ ಚಾಡಿ ಹೇಳಲಿಲ್ಲ. ಸೇವೆ ಬಿಡಲಿಲ್ಲ, ಗೌರವ ಬಿಡಲಿಲ್ಲ. ವರ್ಷಗಳು ಹಿಡಿದಿರಬೇಕು. ಕೊನೆಗೆ ಅತ್ತೆಯೇ ಮಗನಿಗೆ ಚಾಡಿಕೋರರ ವಿಷಯ ತಿಳಿಸಿದಳು. ಅಲ್ಲಿಂದಾಚೆ ಅತ್ತೆ ಸೊಸೆ ಅನ್ಯೋನ್ಯವಾಗಿ ಬಾಳಿದರು.

ಊರಿನ ಇಬ್ಬರು ಹೆಂಗಸರು ಮುನಿಸಿಕೊಂಡರೆ ಇಬ್ಬರೂ ಬಂದು ಮೋನಿಕಮ್ಮನವರ ಮುಂದೆ ಹೊಟ್ಟೆಯಲ್ಲಿದ್ದುದನ್ನೆಲ್ಲ ಕಾರಿಕೊಳ್ಳುತ್ತಿದ್ದರು. ಅವರು ಎರಡೂ ಕಡೆಯದನ್ನು ಪೂರ್ತಿ ಕೇಳುತ್ತಿದ್ದರು. ಒಬ್ಬರದನ್ನು ಇನ್ನೊಬ್ಬರಿಗೆ ಮುಟ್ಟಿಸುವಾಗ ಮಾತ್ರ ರಾಜಿಗೆ ನೆರವಾಗುವಷ್ಟನ್ನೇ ಹೇಳಿ ಉಳಿದುದನ್ನು ತಮ್ಮಲ್ಲೇ ಇಟ್ಟುಕೊಳ್ಳುತ್ತಿದ್ದರು. ಮಗನಿಗೆ ಇದು ದೊಡ್ಡ ಗುಣವಾಗಿ ಕಂಡಿತು. ನಮಗೂ ಹಾಗೆಯೇ ಕಾಣುತ್ತದೆ.

ಇಂದು ಆಪ್ತಸಮಾಲೋಚಕರು ಮಾಡುವ ಕೆಲಸ ಇದಕ್ಕೆ ಬಹಳ ದೂರವಿಲ್ಲ. ಸಾಮಾನ್ಯವಾಗಿ ಮೊದಲು ಒಬ್ಬೊಬ್ಬರನ್ನೇ ಕೂರಿಸಿಕೊಂಡು ಕೇಳುತ್ತಾರೆ, ಆಮೇಲೆ ಇಬ್ಬರನ್ನೂ ಎದುರುಬದುರು ಕೂರಿಸುತ್ತಾರೆ. ತೀರ್ಪು ಕೊಡುವುದಿಲ್ಲ, ಗುಟ್ಟು ಹೊರಗೆ ಬಿಡುವುದಿಲ್ಲ. ಈ ವಯಸ್ಸಿನಲ್ಲಿ ಅದೆಲ್ಲ ಏಕೆ, ಊರವರು ನಗುತ್ತಾರೆ ಎನ್ನುವವರಿದ್ದಾರೆ. ಮುದುಕರು ಹಳೆಯದನ್ನೇ ಹೇಳುತ್ತಾರೆ ಎಂದು ನಾವು ಬೇಸರಪಡುತ್ತೇವಲ್ಲ, ಅದು ಅರಳುಮರಳಲ್ಲ, ಬಾಳಿನ ಲೆಕ್ಕವನ್ನು ಸರಿಮಾಡಿಕೊಳ್ಳುವ ಕೆಲಸ ಎಂದು ಅಮೆರಿಕದ ವೈದ್ಯ ರಾಬರ್ಟ್ ಬಟ್ಲರ್ 1963ರಲ್ಲೇ ಬರೆದರು. ಕೆಲವು ಮನೆಗಳಲ್ಲಿ ಜಗಳದ ಮೂಲ ಬೇರೆಯೇ ಇರುತ್ತದೆ: ಕಿವಿ ಮಂದವಾಗಿರುತ್ತದೆ, ಖಿನ್ನತೆ ಹಿಡಿದಿರುತ್ತದೆ, ಮರೆವಿನ ಕಾಯಿಲೆ ಶುರುವಾಗಿರುತ್ತದೆ. ಅದಕ್ಕೇ ಒಮ್ಮೆ ವೈದ್ಯರಿಗೂ ತೋರಿಸಬೇಕು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಕುಟುಂಬದವರನ್ನು ಸೇರಿಸಿಕೊಂಡು ಚಿಕಿತ್ಸೆ ಕೊಡುವ ಪದ್ಧತಿ ದಶಕಗಳಿಂದ ಇದೆ. ಅಷ್ಟು ದೂರ ಹೋಗಲಾಗದವರು 2022ರಲ್ಲಿ ಶುರುವಾದ ಟೆಲಿ ಮಾನಸ್‌ಗೆ, ಅಂದರೆ 14416ಕ್ಕೆ, ಫೋನ್ ಮಾಡಬಹುದು. ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ. ಹಿರಿಯ ನಾಗರಿಕರಿಗೆಂದೇ ಇರುವ ಸಹಾಯವಾಣಿ 14567.

ಮೋನಿಕಮ್ಮನವರಿಗೂ ಹೇಳಿಕೊಳ್ಳಲು ಒಬ್ಬರು ಬೇಕಾಗಿದ್ದರು. ಪ್ಯಾಟ್ರೀಷಿಯಸ್ ಕೊನೆಗಾಲದಲ್ಲಿ ಜ್ಞಾನಸ್ನಾನ ಪಡೆದು ಸುಮಾರು 371ರಲ್ಲಿ ತೀರಿಕೊಂಡ. ಮಗ ಕಾರ್ಥೇಜಿನಲ್ಲಿ ಓದುತ್ತ ಮಾನಿ ಪಂಥ ಸೇರಿದ. ಮದುವೆಯಿಲ್ಲದೆ ಒಬ್ಬಾಕೆಯೊಡನೆ ಬಾಳಿ ಮಗುವಿಗೆ ತಂದೆಯಾದ. ತಾಯಿ ಒಂದೇ ಮೇಜಿನಲ್ಲಿ ಉಣ್ಣಲೂ ಒಪ್ಪಲಿಲ್ಲ. ಒಂದು ಕನಸು ಬಿದ್ದ ಮೇಲೆ ಮತ್ತೆ ಮನೆಗೆ ಸೇರಿಸಿಕೊಂಡರು. ಮಗನೊಡನೆ ವಾದಿಸಿ ಅವನನ್ನು ತಿದ್ದಿ ಎಂದು ಒಬ್ಬ ಧರ್ಮಾಧ್ಯಕ್ಷರನ್ನು ಕಾಡಿದರು. ತಾವೇ ಹಿಂದೆ ಆ ಪಂಥದಲ್ಲಿದ್ದ ಅವರು ಒಪ್ಪಲಿಲ್ಲ. ಈಗ ಹೇಳಿದರೆ ಅವನಿಗೆ ಹಿಡಿಸದು, ಸುಮ್ಮನೆ ಬಿಟ್ಟು ಪ್ರಾರ್ಥಿಸು ಎಂದು ಸಮಾಧಾನ ಹೇಳಿ ಕಳುಹಿಸಿದರು.

383ರಲ್ಲಿ ಮಗ ತಾಯಿಗೆ ಸುಳ್ಳು ಹೇಳಿ ರಾತ್ರೋರಾತ್ರಿ ರೋಮ್‌ಗೆ ಹಡಗು ಹತ್ತಿದ. ತಾಯಿ ಸಮುದ್ರ ದಾಟಿ ಮಿಲಾನಿನವರೆಗೆ ಹಿಂಬಾಲಿಸಿದರು. ಅಲ್ಲಿ ಮಗನಿಗೆ ಅಂತಸ್ತಿನ ಸಂಬಂಧ ಗೊತ್ತುಮಾಡಲು ಓಡಾಡಿದರು. ಹತ್ತಕ್ಕೂ ಹೆಚ್ಚು ವರ್ಷ ಅವನೊಡನೆ ಬಾಳಿದ ಹೆಣ್ಣನ್ನು ಮಗುವಿನಿಂದ ಅಗಲಿಸಿ ಆಫ್ರಿಕಾಕ್ಕೆ ಕಳುಹಿಸಲಾಯಿತು. ಆಕೆಯ ಹೆಸರು ಕೂಡ ಉಳಿದಿಲ್ಲ. ಎಲ್ಲರ ಜಗಳವನ್ನೂ ಬಿಡಿಸಿದ ಮೋನಿಕಮ್ಮ ಆಕೆಯ ಮಾತನ್ನು ಕೂತು ಕೇಳಿದರೆಂದು ಎಲ್ಲಿಯೂ ಬರೆದಿಲ್ಲ. ಸಂತರ ಬಾಳಿನಲ್ಲೂ ಇಂಥ ಪುಟಗಳಿರುತ್ತವೆ.

386ರಲ್ಲಿ ಮಗನ ಮನಸ್ಸು ತಿರುಗಿತು. ಆ ಚಳಿಗಾಲದ ಹೊತ್ತಿಗೆ ಮಿಲಾನಿನಾಚೆಯ ಒಂದು ಹಳ್ಳಿಮನೆಯಲ್ಲಿ ಅಗಸ್ಟೀನರು ಸ್ನೇಹಿತರೊಡನೆ ನಡೆಸಿದ ಚರ್ಚೆಗಳಲ್ಲಿ ತಾಯಿಯೂ ಕೂತು ಮಾತಾಡಿದರು, ಅದನ್ನೆಲ್ಲ ಬರೆದುಕೊಳ್ಳಲಾಯಿತು. 387ರ ಪಾಸ್ಕ ಹಬ್ಬದಲ್ಲಿ ಮಗನಿಗೆ ಜ್ಞಾನಸ್ನಾನವಾಯಿತು. ಊರಿಗೆ ಮರಳಲು ಓಸ್ತಿಯಾ ಬಂದರಿನಲ್ಲಿ ತಂಗಿದ್ದಾಗ ತಾಯಿ ಮಗ ತೋಟದ ಕಡೆಯ ಕಿಟಕಿಗೆ ಒರಗಿ ನಿತ್ಯಜೀವದ ವಿಷಯ ಬಹಳ ಹೊತ್ತು ಮಾತಾಡಿದರು. ಮುನಿಸಿಲ್ಲ, ಬುದ್ಧಿಮಾತಿಲ್ಲ. ಕೆಲವೇ ದಿನಗಳಲ್ಲಿ ಜ್ವರ ಬಂತು. ಒಂಬತ್ತನೆಯ ದಿನ, 56ನೆಯ ವಯಸ್ಸಿನಲ್ಲಿ, ತೀರಿಕೊಂಡರು.

ತಗಾಸ್ತೆಯಲ್ಲಿ ಆ ಸಿಡುಕು ಗಂಡನ ಪಕ್ಕದಲ್ಲೇ ತಮ್ಮನ್ನು ಹೂಳಬೇಕೆಂದು ಮೋನಿಕಮ್ಮ ಮೊದಲೇ ಜಾಗ ಸಿದ್ಧಮಾಡಿಕೊಂಡಿದ್ದರು. ಕೊನೆಗೆ ಆ ಆಸೆಯನ್ನೂ ಬಿಟ್ಟು, ಎಲ್ಲಾದರೂ ಹೂಳಿ, ಪೀಠದ ಬಳಿ ನನ್ನನ್ನು ನೆನೆಯಿರಿ ಎಂದು ಮಕ್ಕಳಿಗೆ ತಿಳಿಸಿದರು. ಓಸ್ತಿಯಾದಲ್ಲೇ ಸಮಾಧಿಯಾಯಿತು. 1945ರಲ್ಲಿ ಅಲ್ಲಿನ ಸಂತ ಔರೇಯಾ ದೇವಾಲಯದ ಪಕ್ಕ ಇಬ್ಬರು ಹುಡುಗರು ಆಟಕ್ಕೆಂದು ಕಂಬ ನೆಡಲು ಗುಂಡಿ ತೋಡುತ್ತಿದ್ದಾಗ ಆ ಸಮಾಧಿಯ ಬರಹವುಳ್ಳ ಕಲ್ಲಿನ ತುಂಡು ಸಿಕ್ಕಿತು.